ಇವತ್ತು ಏನು ನೋಡೋಣ?



ರಾತ್ರಿ ಊಟ ಮುಗಿಸಿ ಟೀವಿ ಮುಂದೆ ಕೂರುವುದು, ಅರ್ಧ ಗಂಟೆ ರಿಮೋಟ್ ಒತ್ತುತ್ತಾ ಒಂದಾದ ಮೇಲೊಂದು ಟ್ರೇಲರ್ ನೋಡುವುದು, ಕೊನೆಗೆ ಏನನ್ನೂ ಆರಿಸದೆ ಎದ್ದು ಮಲಗುವುದು. ಎಷ್ಟೋ ಮನೆಗಳಲ್ಲಿ ಈಗ ಇದೇ ದಿನಚರಿ. ಓಟಿಟಿಯಲ್ಲಿ ಸಾವಿರಾರು ಸಿನಿಮಾಗಳಿವೆ, ಸರಣಿಗಳಿವೆ, ಸಾಕ್ಷ್ಯಚಿತ್ರಗಳಿವೆ. ಚಂದಾ ಕಟ್ಟಿದ್ದೂ ಆಗಿದೆ. ಆದರೂ ‘ನೋಡೋಕೆ ಏನೂ ಇಲ್ಲ’ ಎಂಬ ಮಾತು ತಪ್ಪಿಲ್ಲ. ಇಷ್ಟೊಂದರಲ್ಲಿ ನಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು ಹೇಗೆ ಎನ್ನುವುದೇ ಇವತ್ತಿನ ವಿಷಯ. ನಾನು ಹೇಳಬೇಕೆಂದಿರುವುದು ಇಷ್ಟು: ಏನು ನೋಡಬೇಕೆಂಬ ತೀರ್ಮಾನ ಟೀವಿ ಹಾಕುವ ಮೊದಲೇ ಆಗಿರಬೇಕು. ಆ ತೀರ್ಮಾನ ನಾವೇ ಮಾಡಿದ್ದಾಗಿರಬೇಕು.

ಒಂದು ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. 1980ರ ದಶಕದಲ್ಲಿ ದೂರದರ್ಶನ ಏನು ಕೊಟ್ಟರೆ ಅದನ್ನು ನೋಡಬೇಕಿತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬರುವ ಹೊತ್ತಿಗೆ ದೇಶದ ಉದ್ದಗಲಕ್ಕೂ ಜನ ಟೀವಿ ಮುಂದೆ ಕೂರುತ್ತಿದ್ದರು. ಆಮೇಲೆ ಕೇಬಲ್ ಬಂತು, ಡಿಶ್ ಬಂತು. 2015ರಲ್ಲಿ ಹಾಟ್‌ಸ್ಟಾರ್ ಶುರುವಾಯಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ ಭಾರತಕ್ಕೆ ಬಂದವು. 2020ರ ಲಾಕ್‌ಡೌನ್ ಬರುವಷ್ಟರಲ್ಲಿ ಇವು ಮನೆಮಾತಾಗಿದ್ದವು. ಆಯ್ಕೆಯ ಅಧಿಕಾರ ಕೊನೆಗೂ ನೋಡುಗರ ಕೈಗೆ ಬಂತು ಎಂದು ನಾವೆಲ್ಲ ಅಂದುಕೊಂಡೆವು. ನಿಜ ಹೇಳಬೇಕೆಂದರೆ ಆ ಅಧಿಕಾರದ ದೊಡ್ಡ ಪಾಲು ಕಂಪ್ಯೂಟರ್ ಲೆಕ್ಕಾಚಾರಕ್ಕೆ ಹೋಗಿದೆ.

ಈ ಲೆಕ್ಕಾಚಾರಕ್ಕೆ ಕಂಪನಿಗಳು ಎಷ್ಟು ಬೆಲೆ ಕೊಡುತ್ತವೆ ಎಂಬುದಕ್ಕೆ ಒಂದು ಪ್ರಸಂಗ ಇದೆ. 2006ರಲ್ಲಿ ನೆಟ್‌ಫ್ಲಿಕ್ಸ್ ಒಂದು ಸ್ಪರ್ಧೆ ಘೋಷಿಸಿತು. ಯಾವ ಗ್ರಾಹಕರಿಗೆ ಯಾವ ಸಿನಿಮಾ ಹಿಡಿಸುತ್ತದೆ ಎಂದು ಊಹಿಸುವ ತನ್ನ ವ್ಯವಸ್ಥೆಯನ್ನು ಯಾರು ಶೇಕಡ 10ರಷ್ಟು ಉತ್ತಮಪಡಿಸುತ್ತಾರೋ ಅವರಿಗೆ 10 ಲಕ್ಷ ಡಾಲರ್ ಬಹುಮಾನ. ಜಗತ್ತಿನ ನಾನಾ ಕಡೆಯ ತಂಡಗಳು ಮೂರು ವರ್ಷ ಹೆಣಗಿದವು; 2009ರಲ್ಲಿ ಒಂದು ತಂಡ ಅದನ್ನು ಗೆದ್ದಿತು. ನಮ್ಮ ರುಚಿಯನ್ನು ಮೊದಲೇ ಊಹಿಸುವುದು ಅಷ್ಟು ದೊಡ್ಡ ವ್ಯವಹಾರ.

ಈಗ ಪರದೆಯ ಮೇಲೆ ಕಾಣುವ ಚಿತ್ರಗಳನ್ನೇ ತೆಗೆದುಕೊಳ್ಳಿ. ಸಿನಿಮಾದ ಹೆಸರಿನ ಜೊತೆ ಒಂದು ಪುಟ್ಟ ಪೋಸ್ಟರ್ ಇರುತ್ತದಲ್ಲ, ಅದು ಎಲ್ಲರಿಗೂ ಒಂದೇ ಅಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಎಂಜಿನಿಯರ್‌ಗಳೇ ಇದನ್ನು ವಿವರಿಸಿದ್ದರು. ಅವರು ಕೊಟ್ಟ ಉದಾಹರಣೆ ‘ಗುಡ್ ವಿಲ್ ಹಂಟಿಂಗ್’ ಎಂಬ ಚಿತ್ರದ್ದು. ಪ್ರೇಮಕಥೆಗಳನ್ನು ಹೆಚ್ಚು ನೋಡುವವರಿಗೆ ಅದರ ನಾಯಕ ನಾಯಕಿ ಜೊತೆಗಿರುವ ಚಿತ್ರ ತೋರಿಸಬಹುದು; ಹಾಸ್ಯ ಇಷ್ಟಪಡುವವರಿಗೆ ಅದೇ ಸಿನಿಮಾದಲ್ಲಿರುವ ಹಾಸ್ಯನಟ ರಾಬಿನ್ ವಿಲಿಯಮ್ಸ್ ಅವರ ಮುಖ ತೋರಿಸಬಹುದು. ಸಿನಿಮಾ ಬದಲಾಗಿಲ್ಲ, ಕರೆಯುವ ರೀತಿ ಬದಲಾಗಿದೆ. ಸೀರೆ ಅಂಗಡಿಯವರು ಗಿರಾಕಿಯ ಮುಖ ನೋಡಿ ಸೀರೆ ಹರಡುವ ಹಾಗೆ ಇದು. ಹರಡುವುದು ಅವರ ಕಸುಬು, ಅದರಲ್ಲಿ ತಪ್ಪೇನಿಲ್ಲ. ಆದರೆ ಎಂಥದ್ದು ಬೇಕೆಂದು ಮನೆಯಲ್ಲೇ ಯೋಚಿಸಿ ಹೋದವರು ತಮಗೆ ಬೇಕಾದದ್ದನ್ನು ತರುತ್ತಾರೆ. ಯೋಚಿಸದೆ ಹೋದವರು ಅಂಗಡಿಯವರಿಗೆ ಬೇಕಾದದ್ದನ್ನು ತರುತ್ತಾರೆ.

‘ಟಾಪ್ 10’ ಪಟ್ಟಿಯ ಬಗ್ಗೆಯೂ ಒಂದು ಮಾತು. ತುಂಬ ಜನ ನೋಡಿದ್ದಾರೆ ಎಂದರೆ ತುಂಬ ಜನ ಮೆಚ್ಚಿದ್ದಾರೆ ಎಂದಲ್ಲ. 2020ರ ಸುಮಾರಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಎರಡು ನಿಮಿಷ ನೋಡಿದರೂ ಅದು ಒಂದು ವೀಕ್ಷಣೆ ಎಂದು ಲೆಕ್ಕಕ್ಕೆ ಬರುತ್ತಿತ್ತು. ಎರಡು ನಿಮಿಷ ಎಂದರೆ ಹೆಸರುಗಳು ಬಂದು ಹೋಗುವಷ್ಟು ಹೊತ್ತು. ಆಮೇಲೆ ಆ ಲೆಕ್ಕ ಬದಲಾಗಿ, ಒಟ್ಟು ನೋಡಿದ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸುವ ಪದ್ಧತಿ ಬಂದಿದೆ. ಆದರೂ ಎಷ್ಟು ಜನ ನೋಡಿದರು ಎನ್ನುವುದು ಬೇರೆ, ನೋಡಿದವರಿಗೆ ಏನು ಸಿಕ್ಕಿತು ಎನ್ನುವುದು ಬೇರೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಪತ್ರಿಕೆಯ ವಿಮರ್ಶೆಯಲ್ಲಿ ಓದಿದ್ದು, ಸ್ನೇಹಿತರು ಹೇಳಿದ್ದು, ರೇಡಿಯೊದಲ್ಲಿ ಕೇಳಿದ್ದು ಏನೇ ಇರಲಿ, ಅಲ್ಲಲ್ಲೇ ಬರೆದಿಡಿ. ಬರೆಯುವಾಗ ಹೆಸರಿನ ಜೊತೆ ನಿರ್ದೇಶಕರ ಹೆಸರನ್ನೂ ಬರೆಯಿರಿ. ಪುಸ್ತಕ ಕೊಳ್ಳುವಾಗ ಲೇಖಕರ ಹೆಸರು ನೋಡುವ ನಾವು ಸರಣಿ ನೋಡುವಾಗ ಅದನ್ನು ಮಾಡಿದವರು ಯಾರೆಂದು ಕೇಳುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕಾನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರಗಳಿಗೆ ಕೊಡುವ ‘ಗೋಲ್ಡನ್ ಐ’ ಪ್ರಶಸ್ತಿ 2021ರಲ್ಲಿ ಪಾಯಲ್ ಕಪಾಡಿಯಾ ಅವರಿಗೆ, 2022ರಲ್ಲಿ ಶೌನಕ್ ಸೇನ್ ಅವರಿಗೆ ಬಂತು. ಸತತ ಎರಡು ವರ್ಷ ಭಾರತೀಯರಿಗೇ ಬಂತು. ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ ದೆಹಲಿಯ ಹೊಗೆಯಲ್ಲಿ ಆಕಾಶದಿಂದ ಬೀಳುವ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲಿ ಚಿಕಿತ್ಸೆ ಮಾಡುವ ಸಹೋದರರ ಕಥೆ. ಅದು ನಿಮಗೆ ಹಿಡಿಸಿದರೆ ಆ ನಿರ್ದೇಶಕರ ಇನ್ನೊಂದು ಚಿತ್ರ ಹುಡುಕಿ. ಪಾಯಲ್ ಕಪಾಡಿಯಾ ಅವರ ಸಾಕ್ಷ್ಯಚಿತ್ರ ಮೆಚ್ಚಿದವರಿಗೆ, 2024ರಲ್ಲಿ ಕಾನ್‌ನಲ್ಲೇ ಗ್ರ್ಯಾನ್ ಪ್ರಿ ಪ್ರಶಸ್ತಿ ಗೆದ್ದ ಅವರ ಕಥಾಚಿತ್ರಕ್ಕೆ ದಾರಿ ತಾನಾಗಿ ಸಿಗುತ್ತದೆ. ಹೀಗೆ ಒಬ್ಬ ಒಳ್ಳೆಯ ನಿರ್ದೇಶಕರ ಹೆಸರು ನಾಲ್ಕು ಒಳ್ಳೆಯ ಚಿತ್ರಗಳಿಗೆ ಕರೆದುಕೊಂಡು ಹೋಗುತ್ತದೆ.

ಎರಡನೆಯದು ಅವಧಿ. 50 ನಿಮಿಷದ 8 ಕಂತು ಎಂದರೆ 6 ಗಂಟೆ 40 ನಿಮಿಷ. ಅಷ್ಟು ಹೊತ್ತು ಕೊಡುವ ಯೋಗ್ಯತೆ ಇದಕ್ಕಿದೆಯೇ ಎಂದು ಶುರು ಮಾಡುವ ಮೊದಲೇ ಕೇಳಿಕೊಳ್ಳಿ. ಎರಡು ಕಂತು ನೋಡಿದ ಮೇಲೂ ಮನಸ್ಸು ಹಿಡಿಯದಿದ್ದರೆ ಬಿಟ್ಟುಬಿಡಿ. ಶುರು ಮಾಡಿದ್ದನ್ನು ಮುಗಿಸಲೇಬೇಕೆಂಬ ಹರಕೆ ಏನಿಲ್ಲ. ಒಂದು ಕಂತು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಬಹುದು. ಅದೊಂದು ಕೆಲಸ ಮಾಡಿದರೆ ಸಾಕು, ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಇನ್ನು ಸಾಕ್ಷ್ಯಚಿತ್ರಗಳ ವಿಷಯಕ್ಕೆ ಬರೋಣ. ಇಲ್ಲಿ ಆಯ್ಕೆಗೆ ಹೆಚ್ಚು ಎಚ್ಚರ ಬೇಕು. ಕಥಾಚಿತ್ರವನ್ನು ಕಥೆ ಎಂದೇ ನೋಡುತ್ತೇವೆ. ಸಾಕ್ಷ್ಯಚಿತ್ರವನ್ನು ನಿಜ ಎಂದು ನಂಬಿ ನೋಡುತ್ತೇವೆ. ಆ ನಂಬಿಕೆಗೆ ಪೆಟ್ಟು ಬಿದ್ದ ಪ್ರಸಂಗಗಳು ಬೇಕಾದಷ್ಟಿವೆ. 1958ರಲ್ಲಿ ಡಿಸ್ನಿ ಕಂಪನಿ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರ ತೆಗೆಯಿತು. ಲೆಮ್ಮಿಂಗ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಗಳು ಗುಂಪುಗುಂಪಾಗಿ ಬಂಡೆಯಿಂದ ನೀರಿಗೆ ಬೀಳುವ ದೃಶ್ಯ ಅದರಲ್ಲಿದೆ. ಚಿತ್ರಕ್ಕೆ ಆಸ್ಕರ್ ಕೂಡ ಬಂತು. 1980ರ ದಶಕದ ಆರಂಭದಲ್ಲಿ ಕೆನಡಾದ ಸಿಬಿಸಿ ಪತ್ರಕರ್ತರು ತನಿಖೆ ಮಾಡಿದಾಗ ನಿಜ ಹೊರಬಿತ್ತು. ಆ ಪ್ರಾಣಿಗಳನ್ನು ಬೇರೆ ಕಡೆಯಿಂದ ತರಿಸಿ, ಚಿತ್ರೀಕರಣಕ್ಕೋಸ್ಕರ ನೀರಿಗೆ ತಳ್ಳಲಾಗಿತ್ತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಸುಳ್ಳು ನಂಬಿಕೆ ಹರಡುವುದರಲ್ಲಿ ಆ ಚಿತ್ರದ ಪಾತ್ರ ದೊಡ್ಡದು.

ಎಲ್ಲ ಕೃತಕತೆಯೂ ಮೋಸವಲ್ಲ ಎಂಬುದನ್ನೂ ಹೇಳಬೇಕು. ವನ್ಯಜೀವಿ ಚಿತ್ರಗಳಲ್ಲಿ ಕ್ಯಾಮೆರಾ ಬಹಳ ದೂರದಲ್ಲಿರುತ್ತದೆ. ದೊಡ್ಡ ಲೆನ್ಸಿಗೆ ಪ್ರಾಣಿ ಸಿಗುತ್ತದೆ, ಮೈಕಿಗೆ ಅದರ ಹೆಜ್ಜೆ ಸದ್ದು ಸಿಗುವುದಿಲ್ಲ. ಹಾಗಾಗಿ ಸದ್ದನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಾರೆ. ಹಿಮದ ಮೇಲೆ ನಡೆಯುವ ಕರ್ ಕರ್ ಸದ್ದಿಗೆ ಕಾರ್ನ್‌ಫ್ಲೋರ್ ತುಂಬಿದ ಚೀಲವನ್ನು ಹಿಸುಕುವುದು ಧ್ವನಿ ಕಲಾವಿದರ ಹಳೆಯ ಉಪಾಯ. ರೇಡಿಯೊ ನಾಟಕ ಕೇಳುವವರಿಗೆ ಇಂಥ ಕಸಬುದಾರಿಕೆ ಹೊಸದೇನಲ್ಲ. ಪ್ರಶ್ನೆ ಇರುವುದು, ಹೀಗೆ ಮಾಡಿದ್ದನ್ನು ನೋಡುಗರಿಗೆ ತಿಳಿಸಿದ್ದಾರೆಯೇ ಎನ್ನುವುದರಲ್ಲಿ. 2011ರಲ್ಲಿ ಬಿಬಿಸಿಯ ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿಯ ಆಗತಾನೇ ಹುಟ್ಟಿದ ಮರಿಗಳ ದೃಶ್ಯ ಬಂತು. ಅದನ್ನು ತೆಗೆದದ್ದು ಧ್ರುವಪ್ರದೇಶದ ಹಿಮದಡಿಯಲ್ಲಲ್ಲ, ಒಂದು ಮೃಗಾಲಯದಲ್ಲಿ. ಬಿಬಿಸಿ ತನ್ನ ಜಾಲತಾಣದಲ್ಲಿ ಈ ವಿಷಯ ತಿಳಿಸಿತ್ತು, ನಿರೂಪಣೆಯಲ್ಲಿ ಹೇಳಿರಲಿಲ್ಲ. ಅಷ್ಟಕ್ಕೇ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯಾಯಿತು. ಆಗಬೇಕಾದದ್ದೇ.

ಈಗ ಯಂತ್ರಬುದ್ಧಿ, ಅಂದರೆ ಎಐ ಕೂಡ ಸೇರಿಕೊಂಡಿದೆ. ಅಮೆರಿಕದ ಪ್ರಸಿದ್ಧ ಬಾಣಸಿಗ, ಲೇಖಕ ಆಂಥನಿ ಬೋರ್ಡೇನ್ 2018ರಲ್ಲಿ ತೀರಿಕೊಂಡರು. 2021ರಲ್ಲಿ ಅವರ ಬಗ್ಗೆ ಬಂದ ‘ರೋಡ್‌ರನ್ನರ್’ ಸಾಕ್ಷ್ಯಚಿತ್ರದಲ್ಲಿ, ಅವರು ಬರೆದಿದ್ದ ಕೆಲವು ಸಾಲುಗಳನ್ನು ಎಐ ಬಳಸಿ ಅವರದೇ ದನಿಯಲ್ಲಿ ಹೇಳಿಸಲಾಗಿತ್ತು. ಚಿತ್ರ ನೋಡುತ್ತಿದ್ದವರಿಗೆ ಇದು ಗೊತ್ತಾಗುವಂತಿರಲಿಲ್ಲ. ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ ಮೇಲೆ ಅನೇಕರು ಆಕ್ಷೇಪಿಸಿದರು.

ಅಂಕಿಅಂಶಗಳನ್ನೂ ಹೀಗೇ ಪರೀಕ್ಷಿಸಬೇಕು. ಮೀನುಗಾರಿಕೆಯ ಅನಾಹುತಗಳ ಬಗ್ಗೆ 2021ರಲ್ಲಿ ಬಂದ ‘ಸೀಸ್ಪಿರಸಿ’ ಚಿತ್ರವನ್ನು ನೋಡಿ ಎಷ್ಟೋ ಜನ ಕಳವಳಪಟ್ಟರು. 2048ರ ಹೊತ್ತಿಗೆ ಸಮುದ್ರ ಬರಿದಾಗುತ್ತದೆ ಎಂಬ ಮಾತು ಅದರಲ್ಲಿದೆ. ಅದರ ಮೂಲ 2006ರ ಒಂದು ಸಂಶೋಧನಾ ಲೇಖನ. ಆ ಲೇಖನದ ಮುಖ್ಯ ವಿಜ್ಞಾನಿಯೇ 2009ರಲ್ಲಿ ಇತರರ ಜೊತೆ ಸೇರಿ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಸರಿಯಾದ ನಿರ್ವಹಣೆ ಇರುವ ಕಡೆ ಮೀನಿನ ಸಂತತಿ ಚೇತರಿಸಿಕೊಳ್ಳುತ್ತಿದೆ ಎಂದು ಅದು ತೋರಿಸಿತು. ಅತಿಯಾದ ಮೀನುಗಾರಿಕೆ ನಿಜವಾದ ಸಮಸ್ಯೆಯೇ. ಆದರೆ ನಿಜವಾದ ಸಮಸ್ಯೆಗೆ ಹಳೆಯ ಅಂಕಿಯ ಆಸರೆ ಬೇಕಿಲ್ಲ.

ಆದ್ದರಿಂದ ಸಾಕ್ಷ್ಯಚಿತ್ರ ನೋಡುವಾಗ ನಾಲ್ಕು ಪ್ರಶ್ನೆ ಮನಸ್ಸಿನಲ್ಲಿರಲಿ. ಮಾತಾಡುತ್ತಿರುವವರು ಯಾರು, ಆ ವಿಷಯ ಅವರಿಗೆ ಹೇಗೆ ಗೊತ್ತು? ಮರುಸೃಷ್ಟಿ ಮಾಡಿದ ದೃಶ್ಯಗಳನ್ನು ಹಾಗೆಂದು ಹೇಳಿದ್ದಾರೆಯೇ? ಆರೋಪಕ್ಕೆ ಒಳಗಾದವರ ಮಾತನ್ನೂ ಕೇಳಿಸಿದ್ದಾರೆಯೇ? ಹಣ ಹಾಕಿದವರು, ನೆರವು ಕೊಟ್ಟವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಚಿತ್ರದ ಕೊನೆಯ ಹೆಸರುಗಳಲ್ಲಿ ಸಿಗುತ್ತದೆ. ಅದನ್ನು ನೋಡದೆ ಎದ್ದು ಹೋಗಬೇಡಿ.

ಒಂದೇ ವಿಷಯದ ಎರಡು ಚಿತ್ರಗಳನ್ನು ಜೋಡಿಯಾಗಿ ನೋಡುವುದು ಇನ್ನೂ ಒಳ್ಳೆಯದು. ನಮ್ಮ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ ‘ವೈಲ್ಡ್ ಕರ್ನಾಟಕ’ ಅರಣ್ಯ ಇಲಾಖೆಯ ಸಹಯೋಗದಲ್ಲಿ ತಯಾರಾದದ್ದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅದಕ್ಕೆ ದನಿ ಕೊಟ್ಟಿದ್ದಾರೆ. ನಮ್ಮ ಕಾಡು, ಕರಾವಳಿಗಳ ವೈಭವ ತೋರಿಸುವುದು ಅದರ ಉದ್ದೇಶ. ಅದನ್ನದು ಸೊಗಸಾಗಿ ತೋರಿಸುತ್ತದೆ. ಅದರ ಜೊತೆಗೆ ‘ದಿ ಎಲಿಫೆಂಟ್ ವಿಸ್ಪರರ್ಸ್’ ನೋಡಿ. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನದ, 2023ರಲ್ಲಿ ಆಸ್ಕರ್ ಪಡೆದ, ಸುಮಾರು 40 ನಿಮಿಷದ ಚಿತ್ರ ಅದು. ನಮ್ಮ ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೈನ ತೆಪ್ಪಕಾಡು ಆನೆ ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿ ರಘು ಎಂಬ ತಬ್ಬಲಿ ಮರಿಯಾನೆಯನ್ನು ಸಾಕುತ್ತಾರೆ. ಅದರ ತಾಯಿ ಸತ್ತದ್ದು ವಿದ್ಯುತ್ ತಗುಲಿ. ಮೊದಲ ಚಿತ್ರದಲ್ಲಿ ಕಾಡಿನ ಸಿರಿ, ಎರಡನೆಯದರಲ್ಲಿ ಕಾಡಂಚಿನ ಮನುಷ್ಯರ ಬದುಕು. ಎರಡನ್ನೂ ನೋಡಿದವರಿಗೆ ಪಶ್ಚಿಮಘಟ್ಟದ ಚಿತ್ರ ಹೆಚ್ಚು ಪೂರ್ತಿಯಾಗಿ ಸಿಗುತ್ತದೆ.

ಮಕ್ಕಳಿರುವ ಮನೆಯವರಿಗೆ ಒಂದು ಸೂಚನೆ. 2021ರ ಐಟಿ ನಿಯಮಗಳ ಪ್ರಕಾರ ಓಟಿಟಿಗಳು ಪ್ರತಿ ಕಾರ್ಯಕ್ರಮಕ್ಕೂ ವಯಸ್ಸಿನ ಗುರುತು ಹಾಕಬೇಕು. ‘ಯು’ ಎಂದರೆ ಎಲ್ಲರಿಗೂ. ಆಮೇಲೆ ‘ಯು/ಎ’ 7+, 13+, 16+. ‘ಎ’ ಎಂದರೆ ವಯಸ್ಕರಿಗೆ ಮಾತ್ರ. 13+ ಮತ್ತು ಅದಕ್ಕಿಂತ ಮೇಲಿನವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಲೇಬೇಕು. ಮಕ್ಕಳಿಗೆ ಬೇರೆಯೇ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಿ. ಬೀಗ ಹಾಕಿದರೆ ಕೆಲಸ ಮುಗಿಯಲಿಲ್ಲ. ವಾರಕ್ಕೊಮ್ಮೆಯಾದರೂ ಮಕ್ಕಳ ಜೊತೆ ಕೂತು ಒಂದು ಸಾಕ್ಷ್ಯಚಿತ್ರ ನೋಡಿ, ಆಮೇಲೆ ಅದರ ಬಗ್ಗೆ ಮಾತಾಡಿ.

ಕೊನೆಯದಾಗಿ ಕನ್ನಡದ ಮಾತು. ಕರಾವಳಿಯ ಬದುಕಿನ ಏಳು ಕಥೆಗಳ ‘ಏಕಂ’ ಎಂಬ ಕನ್ನಡ ಸರಣಿಯನ್ನು ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ನಿರ್ಮಿಸಿತು. ಅದಕ್ಕೆ ಯಾವ ಓಟಿಟಿಯೂ ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅದಕ್ಕೆಂದೇ ಒಂದು ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಝೀ5ರಲ್ಲಿ ‘ಅಯ್ಯನ ಮನೆ’ಯಂಥ ಕನ್ನಡದ ಸರಣಿಗಳು ಬರತೊಡಗಿದವು. ಬಾಗಿಲು ಸ್ವಲ್ಪ ತೆರೆದಿದೆ. ತೆರೆದೇ ಇರುತ್ತದೆಯೋ ಇಲ್ಲವೋ ಎನ್ನುವುದು ನಾವು ಏನು ನೋಡುತ್ತೇವೆ ಎಂಬುದರ ಮೇಲಿದೆ. ನಾವು ಹುಡುಕಿದ್ದು, ಆರಿಸಿದ ಭಾಷೆ, ಕೊನೆಯವರೆಗೆ ನೋಡಿದ್ದು ಎಲ್ಲವೂ ಆ ಕಂಪನಿಗಳ ಲೆಕ್ಕಕ್ಕೆ ಹೋಗುತ್ತದೆ. ಕನ್ನಡದ ದನಿ ಇದ್ದರೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿದರೆ, ಕನ್ನಡಕ್ಕೆ ಬೇಡಿಕೆ ಇಲ್ಲ ಎಂದು ನಾವೇ ಬರೆದುಕೊಟ್ಟ ಹಾಗಾಗುತ್ತದೆ. ಹಳೆಯದು ಬೇಕೆನ್ನುವವರು ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಶುರು ಮಾಡಿದ ‘ವೇವ್ಸ್’ ನೋಡಬಹುದು. ದೂರದರ್ಶನದ ಹಳೆಯ ಕಾರ್ಯಕ್ರಮಗಳು ಅಲ್ಲಿವೆ. ಬೇಂದ್ರೆಯವರ ಬಗ್ಗೆ, ಕನಕ ಪುರಂದರರ ಬಗ್ಗೆ ಗಿರೀಶ್ ಕಾರ್ನಾಡರು ಮಾಡಿದ ಸಾಕ್ಷ್ಯಚಿತ್ರಗಳನ್ನು ಹುಡುಕಿ ನೋಡಿ.

ಈ ಭಾನುವಾರ ಮನೆಯವರೆಲ್ಲ ಕೂತು ಐದು ಹೆಸರಿನ ಒಂದು ಪಟ್ಟಿ ಮಾಡಿ. ಅದರಲ್ಲಿ ಒಂದಾದರೂ ಸಾಕ್ಷ್ಯಚಿತ್ರ ಇರಲಿ, ಒಂದಾದರೂ ಕನ್ನಡದ್ದಿರಲಿ, ಒಂದನ್ನು ಮಕ್ಕಳು ಆರಿಸಲಿ. ಆ ಐದು ಮುಗಿದ ಮೇಲೆ ಇನ್ನೈದು ಬರೆಯಿರಿ. ಚಂದಾದ ಹಣಕ್ಕಿಂತ ನಿಮ್ಮ ಸಂಜೆಗಳ ಬೆಲೆ ಹೆಚ್ಚು. ಅವುಗಳನ್ನು ಹೇಗೆ ಕಳೆಯಬೇಕೆಂದು ನೀವೇ ತೀರ್ಮಾನಿಸಿ ಎಂದು ಕೇಳಿಕೊಳ್ಳುತ್ತೇನೆ.