ಮೊದಲು ಅಂಗಾಲು ನೋಡೋಣ



ಇವತ್ತು ಇಡೀ ದಿನ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಪಶುವೈದ್ಯರೂ ನಾಯಿ ಸಾಕುವವರೂ ಕೂಡಿ ನಾವು ಮಾತಾಡಲಿರುವುದು ನಾಯಿಯ ಕಾಲ್ಬೆರಳಿನ ಮೆತ್ತೆಯಲ್ಲಿ ಏಳುವ ಆಣಿಯ ಬಗ್ಗೆ. ಅಗಲದಲ್ಲಿ ಕೆಲವೇ ಮಿಲಿಮೀಟರು. ಅದರಿಂದ ನಾಯಿ ಸಾಯುವುದಿಲ್ಲ, ಅದು ಅಂಟುಜಾಡ್ಯವೂ ಅಲ್ಲ. ಇಂಥದಕ್ಕೆ ಒಂದು ವಿಚಾರ ಸಂಕಿರಣವೇ ಬೇಕೆ ಎಂದು ಕೇಳಿದವರಿದ್ದಾರೆ. ಬೇಕು ಎಂದೇ ನಾನು ಒಪ್ಪಿಕೊಂಡು ಬಂದೆ. ಓಡುವುದಕ್ಕಾಗಿಯೇ ಮೈ ಕಟ್ಟಿಕೊಂಡ ಪ್ರಾಣಿಯೊಂದು ಗೇಟಿನಿಂದ ರಸ್ತೆಗೆ ಕಾಲಿಡಲು ಹೆದರಿ ನಿಂತುಬಿಡುತ್ತದಲ್ಲ, ಆ ಸಂಕಟಕ್ಕೆ ಆಣಿಯ ಅಳತೆ ಲೆಕ್ಕಕ್ಕಿಲ್ಲ.

ಆಣಿ ಎಂದರೆ ಏನೆಂದು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಮೆತ್ತೆಯ ಮೇಲ್ಚರ್ಮದ ಕೆರಾಟಿನ್ ಒಂದೇ ಜಾಗದಲ್ಲಿ ಅಡಕವಾಗಿ ಬೆಳೆದು, ಗುಂಡನೆಯ ಗಟ್ಟಿ ತಿರುಳಾಗಿ ಒಳಮುಖವಾಗಿ ಇಳಿಯುತ್ತದೆ. ಹೊರಗೆ ಕಾಣುವುದು ಒಂದು ಚಪ್ಪಟೆ ವೃತ್ತ, ಅಷ್ಟೆ. ಪ್ರತಿ ಹೆಜ್ಜೆಗೂ ಆ ತಿರುಳು ಕೆಳಗಿನ ಜೀವಂತ ಚರ್ಮವನ್ನು ಒತ್ತುತ್ತದೆ. ಚಪ್ಪಲಿಯೊಳಗೆ ಸೇರಿಕೊಂಡ ಹರಳಿನ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ನಡೆದಂತೆ. ಆದರೆ ಈ ಚಪ್ಪಲಿಯನ್ನು ಬಿಚ್ಚಿ ಕೊಡವಲು ಬರುವುದಿಲ್ಲ. ಗ್ರೇಹೌಂಡ್ ತಳಿಯಲ್ಲಿ ಇದು ಅತಿ ಹೆಚ್ಚು. ವಿಪೆಟ್, ಲರ್ಚರ್‌ಗಳಂಥ, ಕಣ್ಣಿನಿಂದ ಬೇಟೆ ಹಿಡಿಯುವ ಇತರ ತೆಳುಮೈಯ ನಾಯಿಗಳಲ್ಲೂ ಕಾಣುತ್ತದೆ. ಬರುವ ಜಾಗವೂ ಬಹುಮಟ್ಟಿಗೆ ನಿಗದಿಯಾದದ್ದೇ: ಮುಂಗಾಲು, ಅದರಲ್ಲೂ ಮೂರನೆಯ ಮತ್ತು ನಾಲ್ಕನೆಯ ಬೆರಳು. ನಿಂತ ನಾಯಿಯ ಭಾರದಲ್ಲಿ ಸುಮಾರು ಶೇಕಡಾ 60ರಷ್ಟು ಮುಂಗಾಲುಗಳ ಮೇಲಿರುತ್ತದೆ, ಮುಂಗಾಲಿನಲ್ಲಿ ನಡುವಿನ ಈ ಎರಡು ಬೆರಳುಗಳೇ ಹೆಚ್ಚಿನ ಹೊರೆ ಹೊರುತ್ತವೆ. ಆಣಿ ಆರಿಸಿಕೊಂಡ ಜಾಗವೇ ಅದರ ಕಾರಣದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಇನ್ನು ಇದು ನಮ್ಮ ಕಣ್ಣಿಗೆ ತಪ್ಪಿಹೋಗುವ ಬಗೆ. ನಾಯಿ ಕುಂಟುತ್ತದೆ ಎಂದು ಮನೆಯವರು ಕರೆತರುತ್ತಾರೆ. ಕೊಠಡಿಯ ನುಣುಪು ನೆಲದ ಮೇಲೆ ನಾಯಿ ಸರಿಯಾಗಿಯೇ ನಡೆಯುತ್ತದೆ. ಭುಜ ಒತ್ತಿ ನೋಡುತ್ತೇವೆ, ಮೊಣಕೈ ಮಡಚಿ ನೋಡುತ್ತೇವೆ, ಎಕ್ಸ್‌ರೇ ತೆಗೆಸುತ್ತೇವೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ನೋವಿನ ಮಾತ್ರೆ, ಎರಡು ವಾರ ವಿಶ್ರಾಂತಿ. ವಿಶ್ರಾಂತಿಯಲ್ಲಿ ನಾಯಿ ರಸ್ತೆಗೆ ಇಳಿಯುವುದಿಲ್ಲವಾದ್ದರಿಂದ ವಾಸಿಯಾದಂತೆ ತೋರುತ್ತದೆ. ಮತ್ತೆ ಹೊರಗೆ ಹೋದ ದಿನವೇ ಕುಂಟು. ಹುಲ್ಲಿನ ಮೇಲೆ ಓಡುತ್ತದೆ, ಡಾಂಬರಿನ ಮೇಲೆ ಕಾಲೆತ್ತುತ್ತದೆ. ಆಗ ಯಾರೋ, ‘ಅದು ನಾಟಕ ಮಾಡುತ್ತದೆ ಬಿಡಿ’ ಎಂದುಬಿಡುತ್ತಾರೆ. ಈ ಮಾತು ನನಗೆ ತುಂಬ ನೋವು ಕೊಡುತ್ತದೆ. ಮೆತ್ತಗಿನ ನೆಲದಲ್ಲಿ ಚೆನ್ನಾಗಿದ್ದು ಗಟ್ಟಿ, ಒರಟು ನೆಲದಲ್ಲಿ ಕುಂಟುವುದೇ ಆಣಿಯ ಮುಖ್ಯ ಲಕ್ಷಣ. ರೋಗವೇ ತನ್ನ ಹೆಸರು ಹೇಳುತ್ತಿರುವಾಗ ನಾವು ರೋಗಿಯನ್ನು ಸುಳ್ಳುಗಾರನನ್ನಾಗಿ ಮಾಡುತ್ತೇವೆ.

ಕುಂಟಿದಾಗ ಮೊದಲು ಅಡಿ ನೋಡುವುದು ನಮ್ಮ ವೃತ್ತಿಗೆ ಹೊಸದಲ್ಲ. ಇಲ್ಲಿಂದ ಹತ್ತಿರದಲ್ಲೇ ಇರುವ ಪರೇಲಿನ ಮುಂಬಯಿ ಪಶುವೈದ್ಯಕೀಯ ಕಾಲೇಜು ಶುರುವಾದದ್ದು 1886ರಲ್ಲಿ. ಆ ಕಾಲದ ಪಶುವೈದ್ಯ ಮುಖ್ಯವಾಗಿ ಕುದುರೆ, ದನಗಳ ವೈದ್ಯ. ಕುದುರೆ ಕುಂಟಿದರೆ ಅವನು ಮೊದಲು ಗೊರಸು ಎತ್ತಿ ನೋಡುತ್ತಿದ್ದ. ನಮ್ಮ ಕಡೆ ಎತ್ತಿಗೆ ಲಾಳ ಕಟ್ಟುವವರೂ ಅಷ್ಟೆ, ಕಾಲು ಮಡಚಿ ಅಡಿ ನೋಡದೆ ಮಾತಾಡುವುದಿಲ್ಲ. ನಾಯಿಯ ವಿಷಯಕ್ಕೆ ಬಂದಾಗ ನಾವು ಆ ಅಭ್ಯಾಸವನ್ನು ಎಲ್ಲೋ ಬಿಟ್ಟಿದ್ದೇವೆ. ಒದ್ದೆ ಅರಿವೆಯಿಂದ ಮೆತ್ತೆಗಳನ್ನು ಒರೆಸಿ, ಒಳ್ಳೆಯ ಬೆಳಕಿನಲ್ಲಿ ಒಂದೊಂದಾಗಿ ನೋಡಬೇಕು. ಒದ್ದೆಯಾದ ಮೆತ್ತೆಯಲ್ಲಿ ಆಣಿಯ ಅಂಚು ಬಿಡಿಸಿದಂತೆ ಕಾಣುತ್ತದೆ. ಬೆರಳಿನಿಂದ ನೇರವಾಗಿ ಒತ್ತಿದಾಗ ನಾಯಿ ಕಾಲು ಎಳೆದುಕೊಂಡರೆ ಮುಂದಿನ ಪರೀಕ್ಷೆಗಳ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಮುಳ್ಳು, ಗಾಜಿನ ಚೂರು, ನರೂಲಿ, ಗೆಡ್ಡೆ ಇವುಗಳಿಂದ ಆಣಿಯನ್ನು ಬೇರ್ಪಡಿಸಿ ಗುರುತಿಸಬೇಕು ನಿಜ. ಅನುಮಾನವಿದ್ದರೆ ಅಂಗಾಂಶ ಪರೀಕ್ಷೆಗೆ ಕಳಿಸೋಣ. ಆದರೆ ಅದೆಲ್ಲ ಕಾಲನ್ನು ಎತ್ತಿ ನೋಡಿದ ಮೇಲಿನ ಮಾತು.

ಆಣಿ ಯಾಕೆ ಬರುತ್ತದೆ ಎಂಬುದಕ್ಕೆ ಮೂರು ವಿವರಣೆಗಳು ಚಾಲ್ತಿಯಲ್ಲಿವೆ. ಹಿಂದೆಂದೋ ಚುಚ್ಚಿದ ಗಾಯದ ಕಲೆ ಅಥವಾ ಒಳಗೇ ಉಳಿದ ಚೂರು ಒಂದು. ಪ್ಯಾಪಿಲೋಮ ವೈರಸ್ ಎರಡನೆಯದು. ಒಂದೇ ಬಿಂದುವಿನ ಮೇಲೆ ಬೀಳುವ ಒತ್ತಡ ಮೂರನೆಯದು. ಬ್ರಿಟನ್ನಿನ ಮೈಕ್ ಗಿಲಿಯರ್ಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಒತ್ತಡದ ಕಡೆ ಬೆರಳು ಮಾಡಿತು. ನಾನು ಅವರ ಪಕ್ಷದವನು. ಗ್ರೇಹೌಂಡಿನ ಬೆರಳ ಮೆತ್ತೆಯಲ್ಲಿ ಕೊಬ್ಬಿನ ಪದರ ತೆಳು, ಬೆರಳುಗಳು ಕಮಾನಾಗಿ ಬಾಗಿರುತ್ತವೆ, ಮೂಳೆಯ ತುದಿ ಮತ್ತು ನೆಲದ ನಡುವೆ ಸಿಕ್ಕಿಕೊಂಡ ಚರ್ಮ ತನ್ನನ್ನು ತಾನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಆ ದಪ್ಪವೇ ಮತ್ತಷ್ಟು ಒತ್ತುತ್ತದೆ. ಬೇರೆ ಕಾರಣಗಳಿಗೂ ಕೆಲವು ನಾಯಿಗಳಲ್ಲಿ ಪಾಲಿರಬಹುದು. ಆದರೆ ಚಿಕಿತ್ಸೆಯ ಇತಿಹಾಸ ನೋಡಿದರೆ ಒತ್ತಡವನ್ನು ಮರೆತವರೆಲ್ಲ ಮತ್ತೆ ಮತ್ತೆ ಅದೇ ಆಣಿಯನ್ನು ಎದುರಿಸಿದ್ದಾರೆ.

ಈ ತಿಳಿವಳಿಕೆ ಹೆಚ್ಚಾಗಿ ಬಂದದ್ದು ಗ್ರೇಹೌಂಡ್ ರೇಸಿನ ಅಂಗಳದ ಹೊರಗಿನಿಂದ. ಬ್ರಿಟನ್, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನಿವೃತ್ತ ರೇಸ್ ನಾಯಿಗಳನ್ನು ಜನ ಮನೆಗೆ ಕರೆದೊಯ್ಯತೊಡಗಿದರು. ಅಮೆರಿಕದ ಫ್ಲಾರಿಡಾದಲ್ಲಿ 2018ರ ಜನಮತದಂತೆ 2020ರ ಕೊನೆಗೆ ನಾಯಿರೇಸು ನಿಂತೇಹೋಯಿತು. ಹೀಗೆ ಮರಳಿನ ಓಟದ ದಾರಿ ಬಿಟ್ಟು ಫುಟ್‌ಪಾತಿನ ಮೇಲೆ ಬದುಕತೊಡಗಿದ ನಾಯಿಗಳ ಕುಂಟನ್ನು ದಿನವೂ ಕಂಡವರು, ಬಿಡದೆ ವೈದ್ಯರ ಬೆನ್ನು ಹತ್ತಿದವರು, ಆ ಮನೆಗಳವರು. ಈ ಸಭೆಯಲ್ಲಿ ಸಾಕುವವರನ್ನೂ ಕರೆದು ಕೂರಿಸಿದ್ದಕ್ಕೆ ಸಂಘಟಕರಿಗೆ ನಾನು ವಿಶೇಷವಾಗಿ ಕೃತಜ್ಞ.

ಈಗ ಚಿಕಿತ್ಸೆ. ಮೊದಲನೆಯದು ತಿರುಳನ್ನು ಎಬ್ಬಿಸುವುದು. ಮೆತ್ತೆಯನ್ನು ನೆನೆಸಿ ಮೆದುವಾಗಿಸಿ, ಮೊಂಡು ತುದಿಯ ಉಪಕರಣವನ್ನು ಆಣಿಯ ಅಂಚಿನ ಸುತ್ತ ನಿಧಾನವಾಗಿ ಆಡಿಸಿದರೆ ತಿರುಳಿಗೂ ಒಳ್ಳೆಯ ಚರ್ಮಕ್ಕೂ ನಡುವಿನ ಸಂದು ಬಿಡಿಸಿಕೊಳ್ಳುತ್ತದೆ, ತಿರುಳು ಇಡಿಯಾಗಿ ಏಳುತ್ತದೆ. ಸರಿಯಾಗಿ ಮಾಡಿದರೆ ರಕ್ತ ಬರುವುದಿಲ್ಲ. ಎಷ್ಟೋ ನಾಯಿಗಳು ಅರಿವಳಿಕೆ ಇಲ್ಲದೆಯೇ ಸಹಿಸಿಕೊಳ್ಳುತ್ತವೆ, ಮೇಜಿನಿಂದ ಇಳಿದ ಕೂಡಲೇ ಹಗುರಾಗಿ ಹೆಜ್ಜೆ ಹಾಕುವುದೂ ಉಂಟು. ಆದರೆ ಕೆಲವು ವಾರಗಳಲ್ಲಿ ತಿರುಳು ಮತ್ತೆ ಬೆಳೆಯುತ್ತದೆ. ಇದನ್ನು ಮೊದಲ ದಿನವೇ ಮನೆಯವರಿಗೆ ಹೇಳಬೇಕು. ಹೇಳದಿದ್ದರೆ ಎರಡನೆಯ ಸಲ ಅವರು ಬೇರೆ ವೈದ್ಯರ ಬಾಗಿಲು ತಟ್ಟುತ್ತಾರೆ, ಅಲ್ಲಿ ಭುಜದ ಎಕ್ಸ್‌ರೇಯಿಂದ ಕತೆ ಮತ್ತೆ ಶುರುವಾಗುತ್ತದೆ. ಜೊತೆಗೆ ಮೆದು ಅಡಿಯ ಬೂಟು, ಮೆತ್ತೆಗೆ ಹಚ್ಚುವ ಮುಲಾಮು, ತೂಕದ ಹಿಡಿತ, ಉಗುರು ಉದ್ದವಾಗದಂತೆ ಕತ್ತರಿಸುವುದು ಎಲ್ಲವೂ ಸೇರಬೇಕು.

ಕೊಯ್ದು ತೆಗೆಯುವುದು ಎರಡನೆಯ ದಾರಿ. ಕೇಳಲು ನಿರ್ಣಾಯಕ ಎನ್ನಿಸುತ್ತದೆ, ಫಲಿತಾಂಶ ಹಾಗಿಲ್ಲ. ಒತ್ತಡ ಇದ್ದಲ್ಲೇ ಇರುವುದರಿಂದ ಬಹಳಷ್ಟು ಆಣಿಗಳು ಮರಳಿ ಬರುತ್ತವೆ, ಕೆಲವೊಮ್ಮೆ ಹೊಲಿಗೆಯ ಕಲೆಯ ಮೇಲೆಯೇ. ಬೆರಳನ್ನೇ ತೆಗೆದರೆ ಆ ಬೆರಳಿನ ಹೊರೆ ಪಕ್ಕದ ಬೆರಳಿಗೆ ದಾಟುತ್ತದೆ, ಅಲ್ಲಿ ಹೊಸ ಆಣಿ ಏಳುವ ಅಪಾಯವಿದೆ. ನಡುಬೆರಳು ಕಳೆದುಕೊಂಡ ಓಟದ ನಾಯಿಯ ನಡಿಗೆ ಮೊದಲಿನಂತೆ ಇರುವುದಿಲ್ಲ. ಬೆರಳು ತೆಗೆಯುವುದನ್ನು ಕೊನೆಯ ಉಪಾಯವಾಗಿ ಮಾತ್ರ ಇಟ್ಟುಕೊಳ್ಳೋಣ ಎಂಬುದು ನನ್ನ ವಿನಂತಿ.

ಇವೆರಡಕ್ಕಿಂತ ನನ್ನಲ್ಲಿ ಹೆಚ್ಚು ಆಸೆ ಹುಟ್ಟಿಸಿರುವುದು ಸ್ನಾಯುರಜ್ಜುವಿನ ಶಸ್ತ್ರಕ್ರಿಯೆ. ಬೆರಳನ್ನು ಬಗ್ಗಿಸುವ ಮೇಲ್ಪದರದ ರಜ್ಜುವನ್ನು ಆ ಬೆರಳಿನ ಮಟ್ಟದಲ್ಲಿ ಕತ್ತರಿಸಿದರೆ ಬೆರಳಿನ ಕಮಾನು ಸಡಿಲಗೊಂಡು ಚಪ್ಪಟೆಯಾಗುತ್ತದೆ, ಭಾರ ಬೀಳುವ ಬಿಂದು ಜರುಗುತ್ತದೆ. ಆಣಿಯನ್ನು ಮುಟ್ಟುವುದೇ ಇಲ್ಲ. ಒತ್ತಡ ತಪ್ಪಿದ ಮೇಲೆ ಅದು ತಾನಾಗಿ ಕಳಚಿಕೊಂಡದ್ದನ್ನು ಬ್ರಿಟನ್ನಿನ ಶಸ್ತ್ರವೈದ್ಯರು ಕಂಡಿದ್ದಾರೆ. ಒತ್ತಡವೇ ಮೂಲ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣದು. ಇಲ್ಲೂ ಎಚ್ಚರ ಬೇಕು: ಪಕ್ಕದ ಬೆರಳುಗಳ ಮೇಲೆ ಕಣ್ಣಿಡಬೇಕು, ಸರಿಯಾದ ನಾಯಿಯನ್ನು ಆರಿಸಬೇಕು. ಮಧ್ಯಾಹ್ನದ ಗೋಷ್ಠಿ ಇದಕ್ಕೇ ಮೀಸಲು.

ಯಾವ ಶಸ್ತ್ರಕ್ರಿಯೆಯಾದರೂ ರೋಗಿ ಯಾರೆಂಬುದನ್ನು ಮರೆಯಬಾರದು. ಗ್ರೇಹೌಂಡಿನಂಥ ಈ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಕೆಲವು ಔಷಧಿಗಳನ್ನು ನಿಧಾನವಾಗಿ ಕರಗಿಸುತ್ತದೆ. ಹಾಗಾಗಿ ಥಯೋಪೆಂಟೋನ್ ಕೊಟ್ಟರೆ ಬಹಳ ಹೊತ್ತು ಏಳುವುದಿಲ್ಲ. ಗ್ರೇಹೌಂಡಿನ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಸಹಜವಾಗಿಯೇ ಹೆಚ್ಚು, ಥೈರಾಯ್ಡ್ ಹಾರ್ಮೋನು ಸಹಜವಾಗಿಯೇ ಕಡಿಮೆ. ಬೇರೆ ತಳಿಯ ಮಾಪನ ಇಟ್ಟುಕೊಂಡು ಓದಿದರೆ ಇಲ್ಲದ ರೋಗ ಕಾಣುತ್ತದೆ. ಶಸ್ತ್ರಕ್ರಿಯೆಯಾದ ಒಂದೆರಡು ದಿನಗಳ ಮೇಲೆ ರಕ್ತ ಸೋರತೊಡಗುವ ಸ್ವಭಾವವೂ ಈ ತಳಿಗಿದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗಿಯೆರ್ಮೊ ಕೌಟೊ ಮತ್ತು ಅವರ ತಂಡ ಇದನ್ನು ವಿವರವಾಗಿ ತೋರಿಸಿಕೊಟ್ಟಿತು.

ಮನೆಯವರಿಗೆ ಒಂದು ಮಾತು, ದಯವಿಟ್ಟು ಕೇಳಿ. ಮನುಷ್ಯರ ಆಣಿಗೆಂದು ಔಷಧಿ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಯನ್ನು ನೀವಾಗಿಯೇ ಹಚ್ಚಬೇಡಿ. ಸುತ್ತಲ ಒಳ್ಳೆಯ ಚರ್ಮ ಸುಡುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆ ಸೇರುತ್ತದೆ. ಬ್ಲೇಡಿನಿಂದ ಹೆರೆಯಬೇಡಿ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬೇಡಿ, ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಅವು ಮಾರಕ. ರಣಹದ್ದುಗಳ ಸಾವಿನ ಕಾರಣಕ್ಕೆ ಡೈಕ್ಲೊಫೆನಾಕನ್ನು ಪಶುಚಿಕಿತ್ಸೆಯಿಂದ 2006ರಲ್ಲೇ ನಮ್ಮ ಸರಕಾರ ದೂರ ಮಾಡಿದೆ ಎಂಬುದೂ ನೆನಪಿರಲಿ.

ನಾವು ಕೂತಿರುವ ಜಾಗದ ನೆಲವನ್ನೇ ನೋಡಿ. ಆಂಟಾಪ್ ಹಿಲ್ ಸರಕಾರಿ ಕ್ವಾರ್ಟರ್ಸುಗಳ ಒಳದಾರಿ, ವಡಾಲದ ಲಾರಿ ರಸ್ತೆಗಳು, ಸಾಯನ್ ಕಡೆಯ ಫುಟ್‌ಪಾತಿನ ಪೇವರ್ ಬ್ಲಾಕುಗಳು. ಡಾಂಬರು ಹೋಗಿ ಸಿಮೆಂಟು ಬರುತ್ತಿದೆ. ಅದರ ಮೇಲೆ ಎಳೆದ ಗೆರೆಗಳು ಟಯರು ಜಾರದಿರಲಿ ಎಂದು ಇರುವಂಥವು. ಆಣಿಯಾದ ಕಾಲಿಗೆ ಪ್ರತಿ ಗೆರೆಯೂ ಒಂದು ಪೆಟ್ಟು. ಹುಲ್ಲಿರುವ ಉದ್ಯಾನಗಳ ಗೇಟಿನಲ್ಲಿ ಎಷ್ಟೋ ಕಡೆ ನಾಯಿಗೆ ಪ್ರವೇಶವಿಲ್ಲ. ಮೇ ತಿಂಗಳಲ್ಲಿ ನೆಲ ಸುಡುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಕಾಲು ಒಣಗುವುದೇ ಇಲ್ಲ, ಬೆರಳ ಸಂದಿನಲ್ಲಿ ಹುಣ್ಣು, ಬೂಸ್ಟು. ಆಗ ನಾಯಿ ಕಾಲು ನೆಕ್ಕಿದರೆ ಎಲ್ಲರೂ ಮಳೆಯ ಮೇಲೆ ಹಾಕುತ್ತಾರೆ, ಅಡಿಯಲ್ಲಿರುವ ಆಣಿ ಅಡಗಿ ಕೂರುತ್ತದೆ. ನಗರಪಾಲಿಕೆಯ ಉದ್ಯಾನಗಳಲ್ಲಿ ಬೆಳಗಿನ ಒಂದು ಹೊತ್ತು, ಒಂದು ಮೂಲೆ ನಾಯಿಗಳಿಗೆ ಸಿಗಲಿ ಎಂದು ನಾವು ಕೇಳಿದರೆ ಅದು ಶೋಕಿಯ ಬೇಡಿಕೆಯಲ್ಲ, ಚಿಕಿತ್ಸೆಯ ಭಾಗ.

ಕನ್ನಡಿಗರಾದ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. ಮುಧೋಳದ ನಾಯಿ ಗ್ರೇಹೌಂಡಿನ ಹಾಗೆಯೇ ಕಣ್ಣಿನಿಂದ ಬೇಟೆ ಹಿಡಿಯುವ, ತೆಳು ಚರ್ಮದ, ಉದ್ದ ಕಾಲಿನ ನಾಯಿ. ಘಟಪ್ರಭೆಯ ಕಡೆಯ ಎರೆಹೊಲಗಳಲ್ಲಿ ಕುರಿ ಕಾಯುತ್ತ, ರೈತರ ಮನೆ ಕಾಯುತ್ತ ಬೆಳೆದ ತಳಿ. ಮುಧೋಳದ ಘೋರ್ಪಡೆ ಅರಸರ ಆಸರೆ ಕಂಡದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಅದನ್ನು ಸಾಕಿ ಬೆಳೆಸುತ್ತಿದೆ, ಸೈನ್ಯವೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದೆ. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಹೆಸರು ಹೇಳಿದ ಮೇಲೆ ನಗರದವರ ಕಣ್ಣು ಇನ್ನಷ್ಟು ಬಿತ್ತು. ಎರೆಮಣ್ಣಿನ ಕಾಲು ಈಗ ಫ್ಲ್ಯಾಟಿನ ಟೈಲ್ಸು, ಸಿಮೆಂಟು ರಸ್ತೆಗಳ ಮೇಲೆ ಬಂದಿದೆ. ಬೇರೆ ದೇಶದ ಗ್ರೇಹೌಂಡಿನ ಕಾಲು ಕಲಿಸಿದ ಪಾಠವನ್ನು ನಮ್ಮ ನಾಯಿ ಕುಂಟತೊಡಗುವ ಮೊದಲೇ ನಾವು ಬಳಸಿಕೊಳ್ಳಬಹುದು. ಈ ಅನುಕೂಲ ಬ್ರಿಟನ್ನಿನವರಿಗೆ ಇರಲಿಲ್ಲ.

ಅದಕ್ಕಾಗಿ ಈ ಸಂಕಿರಣದಿಂದ ನಾನು ಬಯಸುವುದು ಒಂದು ಸಣ್ಣ ಕಾಗದ. ನಾಯಿಯ ನಾಲ್ಕು ಪಾದಗಳ ಚಿತ್ರ ಅಚ್ಚಾದ ಹಾಳೆ. ಓಟದ ತಳಿಯ ಯಾವ ನಾಯಿ ಬಂದರೂ, ಲಸಿಕೆಗೆ ಬಂದರೂ ಸರಿ, ಮೆತ್ತೆಗಳನ್ನು ನೋಡಿ ಆ ಚಿತ್ರದ ಮೇಲೆ ಗುರುತು ಹಾಕಬೇಕು: ಯಾವ ಕಾಲು, ಯಾವ ಬೆರಳು, ನಾಯಿ ದಿನವೂ ನಡೆಯುವ ನೆಲ ಎಂಥದು, ಏನು ಮಾಡಿದೆವು, ಎಷ್ಟು ವಾರಕ್ಕೆ ಮರಳಿತು. ಪರೇಲಿನಲ್ಲೂ ತಿಮ್ಮಾಪುರದಲ್ಲೂ ಒಂದೇ ಹಾಳೆ, ಕನ್ನಡ ಮರಾಠಿ ಎರಡರಲ್ಲೂ. ಮನೆಯವರು ತುಂಬಬೇಕಾದ ಜಾಗ ಅವರ ಮಾತಿನಲ್ಲೇ ಇರಲಿ. ಹಾಳೆಯ ಕರಡನ್ನು ಊಟದ ಮೊದಲು ನಿಮ್ಮ ಕೈಗೆ ಕೊಡುತ್ತಾರೆ. ಏನು ಬಿಟ್ಟಿದೆ, ಏನು ಹೆಚ್ಚಾಗಿದೆ ಎಂದು ತಿದ್ದಿ ಕೊಡಿ. ಸಂಜೆಯ ಸಮಾರೋಪಕ್ಕೆ ಮುಂಚೆ ಅದನ್ನು ಅಂತಿಮಗೊಳಿಸೋಣ.