ಚೆನ್ನೈ ಫ್ಲಾಟಿನಲ್ಲಿ ಹಾವಿನ ಮೊದಲ ಟೆರೇರಿಯಂ

ಓಎಂಆರ್ ಕಡೆಯ ನಮ್ಮವರು ಹಾವು ಸಾಕೋದರ ಬಗ್ಗೆ ಕೇಳ್ತಾನೇ ಇರ್ತೀರಿ. ಮೊದಲು ಕಾನೂನು. ಕೇರೆ, ಹೆಬ್ಬಾವು, ಮಣ್ಣುಮುಕ್ಕ, ಇಂಥ ನಮ್ಮ ನೆಲದ ಹಾವುಗಳನ್ನ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಬಿಡಲ್ಲ. ಆಫ್ರಿಕಾದ ಬಾಲ್ ಪೈಥಾನ್ ಆದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಮಾರುವವನ ಹತ್ತಿರ ಕಾಗದಪತ್ರ ಇಲ್ವಾ? ಅಲ್ಲಿಂದ ಎದ್ದು ಬನ್ನಿ. ಬ್ಯಾಂಕಾಕ್‌ನಿಂದ ಬ್ಯಾಗಿನಲ್ಲಿ ತುಂಬಿ ತಂದ ಮರಿಗಳು ಚೆನ್ನೈ ಏರ್‌ಪೋರ್ಟ್ ಕಸ್ಟಮ್ಸ್‌ಗೆ ಸಿಕ್ಕಿರೋದು ಒಂದೆರಡು ಸಲ ಅಲ್ಲ.

ಈಗ ಪೆಟ್ಟಿಗೆ. ಯೂಟ್ಯೂಬಿನ ವಿದೇಶಿ ವಿಡಿಯೋಗಳು ಹೀಟರ್ ಬಗ್ಗೆಯೇ ಮಾತಾಡ್ತವೆ. ಅವರದು ಚಳಿ ದೇಶ, ಪಾಪ. ಹಾವಿಗೆ ಒಂದು ಬದಿ 32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು ಇರಬೇಕು. ಮೈ ಕಾಯಿಸೋಕೆ, ತಣ್ಣಗಾಗೋಕೆ ಅದು ಆಚೀಚೆ ಹರಿದಾಡುತ್ತೆ. ಚೆನ್ನೈ ಮೇ ತಿಂಗಳಲ್ಲಿ 40 ಮುಟ್ಟಿದಾಗ ಮುಚ್ಚಿದ ಫ್ಲಾಟಿನಲ್ಲಿ ಆ ತಂಪಿನ ಬದಿಯೇ ಉಳಿಯಲ್ಲ. ನೀವು ಶುಕ್ರವಾರ ರಾತ್ರಿ ಬೆಂಗಳೂರು ಬಸ್ ಹತ್ತಿದ್ದೀರಿ, ಶನಿವಾರ ಮಧ್ಯಾಹ್ನ ಕರೆಂಟ್ ಹೋಯ್ತು, ಎಸಿ ನಿಂತಿತು. ಗಾಜಿನ ಪೆಟ್ಟಿಗೆಯಿಂದ ಹಾವು ಎಲ್ಲಿಗೆ ಹೋಗ್ಬೇಕು? ಬೀಗದ ಕೈ ಇರೋ ಪಕ್ಕದ ಮನೆಯವರು ಯಾರಾದರೂ ಇದ್ದಾರಾ ಅಂತ ಮೊದಲೇ ನೋಡ್ಕೊಳ್ಳಿ.

ಹೀಟ್ ಮ್ಯಾಟ್ ಹಾಕಿದರೆ ಥರ್ಮೋಸ್ಟಾಟ್ ಇರಲೇಬೇಕು. ಅಡಗೋಕೆ ಎರಡು ಗೂಡು, ಮೈ ಮುಳುಗುವಷ್ಟು ನೀರಿನ ಬಟ್ಟಲು, ಬಿಗಿಯಾದ ಚಿಲಕ. ಇಲ್ಲಿಯ ಗಾಳಿಯಲ್ಲೇ ತೇವ ಜಾಸ್ತಿ, ಗಾಳಿಕಿಂಡಿ ಮುಚ್ಚಬೇಡಿ. ಎಸಿ ಓಡುವ ರೂಮಿನಲ್ಲಿ ಮಾತ್ರ ಒಣಗುತ್ತೆ, ಮೀಟರ್ ನೋಡ್ತಾ ಇರಿ.

ಹಾವು ತರೋ ಮುಂಚೆ ಖಾಲಿ ಪೆಟ್ಟಿಗೆಯನ್ನ ಎರಡು ವಾರ ಓಡಿಸಿ. ಮಧ್ಯಾಹ್ನ ಎರಡು ಗಂಟೆಯ ರೀಡಿಂಗ್ ಬರೆದಿಡಿ. ತಂಪಿನ ಬದಿ 30 ದಾಟ್ತಾ ಇದ್ದರೆ ಆ ರೂಮು ಬೇಡ.