ಬಿದ್ದ ಮೇಲೆ ಬರುವ ಕಾನೂನು



2024ರ ಅಕ್ಟೋಬರ್ 22ರ ಮಂಗಳವಾರ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದು ಬಿತ್ತು. 9 ಜನ ಹೋದರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಹೀಗೇ ಆಗಿತ್ತು. ಅಲ್ಲಿ 19 ಜನ. ಎರಡೂ ಸುದ್ದಿಯನ್ನು ನಾನು ನಿಮ್ಮ ಮುಂದೆ ಕೂತು ಓದಿದ್ದೇನೆ. ಸತ್ತವರ ಲೆಕ್ಕ, ಮಂತ್ರಿಗಳ ಭೇಟಿ, ಪರಿಹಾರದ ಘೋಷಣೆ. ಊರಿನ ಹೆಸರು ಬದಲಾಯಿತು, ಅಷ್ಟೇ.

ಹಾಗಾದ್ರೆ ಕಾನೂನು ಇರಲಿಲ್ವಾ? ಇತ್ತು ಸ್ವಾಮಿ. ಕಟ್ಟಡ ಕಾರ್ಮಿಕರಿಗೆ ಅಂತಲೇ 1996ರಲ್ಲಿ ಸಂಸತ್ತು ಮಾಡಿದ ಕಾನೂನು. ನಮ್ಮ ರಾಜ್ಯದಲ್ಲಿ ಅದಕ್ಕೆ ನಿಯಮ ಬಂದಿದ್ದು 2006ರಲ್ಲಿ. ಹತ್ತು ವರ್ಷ ಬೇಕಾಯಿತು.

ಈ ಕಾನೂನಿಗೆ ಎರಡು ಕೈ ಇತ್ತು. ಒಂದು ಕೈ ಸುರಕ್ಷತೆ. ಸಾರವೆ ಗಟ್ಟಿ ಇರಬೇಕು, ತಲೆಗೆ ಹೆಲ್ಮೆಟ್, ಎತ್ತರದಲ್ಲಿ ಬೆಲ್ಟ್ ಇರಬೇಕು. ಕುಡಿಯೋ ನೀರು, ಶೌಚಾಲಯ ಇರಬೇಕು. 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಅವರ ಕೂಸುಗಳಿಗೆ ಶಿಶುಪಾಲನಾ ಕೋಣೆ ಇರಬೇಕಿತ್ತು. ಇನ್ನೊಂದು ಕೈ ಕಲ್ಯಾಣ. ನಿರ್ಮಾಣ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ವಸೂಲಿ ಮಾಡಿ, ಆ ದುಡ್ಡನ್ನು ಮಂಡಳಿ ಮೂಲಕ ಕಾರ್ಮಿಕರಿಗೆ ಕೊಡಬೇಕು.

ದುಡ್ಡು ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕ ನೋಡಿ. ದೇಶಾದ್ಯಂತ 37,000 ಕೋಟಿಗೂ ಹೆಚ್ಚು ವಸೂಲಾಗಿದೆ, ಖರ್ಚಾಗಿದ್ದು ಸುಮಾರು 9,500 ಕೋಟಿ. ಅದರಲ್ಲೂ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಖರೀದಿ! ಶೆಡ್ಡಿನಲ್ಲಿ ಮಲಗೋನಿಗೆ ವಾಷಿಂಗ್ ಮೆಷಿನ್ ಯಾಕ್ರೀ?

ಸುರಕ್ಷತೆಯ ಕಥೆ ಇನ್ನೂ ಕೆಟ್ಟದು. 1996ರ ಆ ಕಾನೂನಿನಲ್ಲಿ ಸುರಕ್ಷತಾ ನಿಯಮ ಮುರಿದರೆ ಶಿಕ್ಷೆ ಏನಿತ್ತು ಗೊತ್ತಾ? ಹೆಚ್ಚೆಂದರೆ ಮೂರು ತಿಂಗಳ ಜೈಲು, ಇಲ್ಲವೇ 2,000 ರೂಪಾಯಿ ದಂಡ, ಅಥವಾ ಎರಡೂ. ತಪ್ಪು ಮುಂದುವರಿದರೆ ದಿನಕ್ಕೆ 100 ರೂಪಾಯಿವರೆಗೆ ಹೆಚ್ಚುವರಿ. 2,000 ರೂಪಾಯಿಗೆ ಇವತ್ತು ಒಂದು ಲಾರಿ ಜಲ್ಲಿಯೂ ಬರಲ್ಲ. ಬೆಲ್ಟ್, ಬಲೆ ತರೋದಕ್ಕಿಂತ ದಂಡ ಕಟ್ಟೋದೇ ಅಗ್ಗ ಅನ್ನೋದಾಗಿದ್ದರೆ, ಕಂಟ್ರಾಕ್ಟರ್ ಯಾವುದನ್ನು ಆರಿಸಿಕೊಳ್ತಿದ್ದ?

"ಹೆಲ್ಮೆಟ್ ಕೊಟ್ರೂ ಅವ್ರು ಹಾಕಲ್ಲ ಸಾರ್" ಅಂತಾರೆ. ಇರಬಹುದು. ಆದರೆ ಹಾಕಿಸೋ ಹೊಣೆಯನ್ನು ಕಾನೂನು ಮಾಲೀಕನ ಹೆಗಲಿಗೆ ಹಾಕಿದೆ. ಸಾರವೆ ಅಲ್ಲಾಡ್ತಿದೆ ಅಂತ ಯಾದಗಿರಿಯಿಂದ ಬಂದ ಗಾರೆ ಕೆಲಸದವನು ಬಾಯಿಬಿಟ್ಟರೆ, "ನಾಳೆಯಿಂದ ಬರಬೇಡ" ಅಂತಾನೆ ಮೇಸ್ತ್ರಿ. ಮಂಡಳಿಯ ಕಾರ್ಡ್ ಬೇಕಂದರೆ ವರ್ಷದಲ್ಲಿ 90 ದಿನ ದುಡಿದ ಪುರಾವೆ ಬೇಕು. ಮೂರು ತಿಂಗಳಿಗೆ ಮೂರು ಸೈಟ್ ಬದಲಿಸೋನಿಗೆ ಯಾರು ಬರೆದುಕೊಡ್ತಾರೆ?

ಪರಿಹಾರ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ಪರಿಹಾರ ಕೊಟ್ಟ ಮಾತ್ರಕ್ಕೆ ಕಾನೂನು ಪಾಲಿಸಿದಂತಲ್ಲ. ಮೊದಲ ಕೈ ಕೆಲಸ ಮಾಡಿದ್ದರೆ ಎರಡನೇ ಕೈ ಹೆಣದ ಮುಂದೆ ಚೆಕ್ ಹಿಡಿದು ನಿಲ್ಲಬೇಕಿರಲಿಲ್ಲ. ಇನ್‌ಸ್ಪೆಕ್ಟರ್ ಸೈಟಿಗೆ ಬರಬೇಕಾದ್ದು ತಳಪಾಯ ಹಾಕುವಾಗ, ಅವಶೇಷ ಎತ್ತುವಾಗ ಅಲ್ಲ.

ನೀವೂ ಮನೆ ಕಟ್ಟಿಸ್ತಿರಬಹುದು. ನೀವೂ ಸೆಸ್ ಕಟ್ಟಿರಬಹುದು. ಟೈಲ್ಸ್ ಬಣ್ಣ ಕೇಳೋ ಮೊದಲು ಮೇಸ್ತ್ರಿಗೆ ಒಂದು ಮಾತು ಕೇಳಿ: "ಮೇಲೆ ನಿಂತಿದಾನಲ್ಲ, ಅವನಿಗೆ ಬೆಲ್ಟ್ ಇದೆಯಾ? ಕಾರ್ಡ್ ಇದೆಯಾ?"